ದೊಡ್ಡ ಕಂಪನಿ ಓಡುವುದು ಯಾರಾದರೂ ಬೆನ್ನಟ್ಟಿದಾಗ

ಮಾನ್ಯ ಸಂಪಾದಕರೇ,

ತಂತ್ರಜ್ಞಾನ ಕ್ಷೇತ್ರದ ದೈತ್ಯ ಕಂಪನಿಗಳ ಭವಿಷ್ಯದ ಬಗ್ಗೆ ತಮ್ಮ ಪತ್ರಿಕೆಯಲ್ಲಿ ಇತ್ತೀಚೆಗೆ ನಡೆದ ಚರ್ಚೆಯನ್ನು ಆಸಕ್ತಿಯಿಂದ ಓದಿದೆ. ಅಪಾರ ಹಣ, ಸಾವಿರಾರು ಎಂಜಿನಿಯರುಗಳು ಮತ್ತು ಕೋಟ್ಯಂತರ ಬಳಕೆದಾರರ ಮಾಹಿತಿ ಕೈಯಲ್ಲಿರುವ ಕಂಪನಿಯನ್ನು ಹೊಸತನದಲ್ಲಿ ಯಾರೂ ಹಿಂದಿಕ್ಕಲಾರರು ಎಂದು ಕೆಲವರು ವಾದಿಸಿದ್ದಾರೆ. ಬೆಳೆದು ನಿಂತ ಕಂಪನಿ ಇಂದಲ್ಲ ನಾಳೆ ಜಡವಾಗುತ್ತದೆ, ಹೊಸಬರು ಬಂದು ಅದನ್ನು ಉರುಳಿಸುತ್ತಾರೆ, ಆದ್ದರಿಂದ ಸರ್ಕಾರವಾಗಲಿ ನ್ಯಾಯಾಲಯವಾಗಲಿ ನಡುವೆ ತಲೆಹಾಕಬೇಕಾಗಿಲ್ಲ ಎಂದು ಇನ್ನು ಕೆಲವರು ಹೇಳಿದ್ದಾರೆ. ಈ ಕ್ಷೇತ್ರದ ಕಳೆದ ಎಪ್ಪತ್ತು ವರ್ಷಗಳ ನಡೆಯನ್ನು ನೋಡಿದರೆ ಎರಡೂ ವಾದಗಳು ಅರ್ಧ ದಾರಿಯಲ್ಲೇ ನಿಂತುಬಿಡುತ್ತವೆ ಎಂದು ನನಗೆ ಅನ್ನಿಸುತ್ತದೆ. ಪ್ರಬಲ ಕಂಪನಿಗೆ ಹೊಸದನ್ನು ಕಂಡುಹಿಡಿಯುವ ಶಕ್ತಿ ಕುಂದಿದ ಉದಾಹರಣೆಗಳು ಕಡಿಮೆ. ಕಂಡುಹಿಡಿದದ್ದನ್ನು ತನ್ನದೇ ಹಳೆಯ ಆದಾಯದ ಎದುರು ಮಾರುಕಟ್ಟೆಗೆ ಬಿಡುವ ಮನಸ್ಸು ಅದಕ್ಕೆ ಬರುವುದು, ಹಾಗೆ ಮಾಡದೆ ವಿಧಿಯಿಲ್ಲ ಎಂಬ ಸ್ಥಿತಿಯನ್ನು ಪ್ರತಿಸ್ಪರ್ಧಿಯೊಬ್ಬ ತಂದಿಟ್ಟಾಗ ಮಾತ್ರ.

ಇಂಥ ಚರ್ಚೆಗಳಲ್ಲಿ ಕೊಡಾಕ್ ಮತ್ತು ಜೆರಾಕ್ಸ್ ಹೆಸರುಗಳು ಬಾರದೆ ಇರುವುದಿಲ್ಲ. ಕೊಡಾಕ್‌ನ ಎಂಜಿನಿಯರ್ ಸ್ಟೀವ್ ಸ್ಯಾಸನ್ 1975ರಲ್ಲೇ ಡಿಜಿಟಲ್ ಕ್ಯಾಮೆರಾ ರೂಪಿಸಿದ್ದರು. ಕಂಪನಿ 2012ರ ಜನವರಿಯಲ್ಲಿ ದಿವಾಳಿತನದಿಂದ ರಕ್ಷಣೆ ಕೋರಿ ನ್ಯಾಯಾಲಯದ ಮೊರೆ ಹೋಯಿತು. ಇದನ್ನು ಮೂರ್ಖತನದ ಕಥೆಯಾಗಿ ಹೇಳುವುದು ರೂಢಿ. ಆದರೆ ಫಿಲ್ಮ್ ಮಾರಿ, ಅದನ್ನು ಸಂಸ್ಕರಿಸುವ ರಾಸಾಯನಿಕಗಳನ್ನೂ ಕಾಗದವನ್ನೂ ಮಾರಿ ಬರುತ್ತಿದ್ದ ಲಾಭವನ್ನು ಡಿಜಿಟಲ್ ಕ್ಯಾಮೆರಾ ಎಂದಿಗೂ ತರಲಾರದು ಎಂಬುದು ಆ ಕಂಪನಿಯ ಲೆಕ್ಕಿಗರಿಗೆ ಚೆನ್ನಾಗಿ ತಿಳಿದಿತ್ತು, ಮತ್ತು ಅವರ ಲೆಕ್ಕ ಸರಿಯಾಗಿಯೇ ಇತ್ತು. ಜೆರಾಕ್ಸ್‌ನ ಕಥೆ ಇನ್ನೂ ಸ್ವಾರಸ್ಯಕರ. ಅದರ ಪಾಲೋ ಆಲ್ಟೋ ಸಂಶೋಧನಾ ಕೇಂದ್ರದಲ್ಲಿ 1973ರ ಹೊತ್ತಿಗೆ, ಪರದೆಯ ಮೇಲೆ ಚಿತ್ರಗಳನ್ನು ತೋರಿಸಿ ಮೌಸ್‌ನಿಂದ ನಡೆಸಬಹುದಾದ ಆಲ್ಟೋ ಕಂಪ್ಯೂಟರ್ ಸಿದ್ಧವಾಗಿತ್ತು. ಅಂಥ ಯಂತ್ರ ಜೆರಾಕ್ಸ್‌ನಿಂದ ಮಾರುಕಟ್ಟೆಗೆ ಬಂದದ್ದು 1981ರಲ್ಲಿ, ಅದೂ ದುಬಾರಿ ಕಚೇರಿ ಉಪಕರಣದ ರೂಪದಲ್ಲಿ. ಅದೇ ಕೇಂದ್ರದಲ್ಲಿ ಪಕ್ವವಾದ ಲೇಸರ್ ಪ್ರಿಂಟರ್ ಮಾತ್ರ 1977ರಲ್ಲೇ ಮಾರಾಟಕ್ಕೆ ಬಂದು, ಆ ಕೇಂದ್ರಕ್ಕೆ ಸುರಿದ ಹಣವನ್ನು ಹಲವು ಪಟ್ಟು ಹಿಂದಿರುಗಿಸಿತು. ಜೆರಾಕ್ಸ್ ತನ್ನ ಸಂಶೋಧನೆಯಿಂದ ಏನನ್ನೂ ಗಳಿಸಲಿಲ್ಲ ಎಂದು ಬರೆಯುವವರು ಈ ಭಾಗವನ್ನು ಬಿಟ್ಟುಬಿಡುತ್ತಾರೆ. ಕಾಗದದ ಮೇಲೆ ಹೆಚ್ಚು ಪುಟಗಳನ್ನು ಮೂಡಿಸುವ ಯಂತ್ರ ಹಳೆಯ ವ್ಯಾಪಾರಕ್ಕೆ ಪೂರಕವಾಗಿತ್ತು, ಆದ್ದರಿಂದ ಹೊರಗೆ ಬಂತು. ಕಾಗದವೇ ಬೇಡವಾಗಬಹುದಾದ ಕಚೇರಿಯ ಕಲ್ಪನೆಯನ್ನು ತಂದ ಯಂತ್ರ ಒಳಗೇ ತಡೆದು ನಿಂತಿತು.

ಆದರೆ ಕೊಡಾಕ್, ಜೆರಾಕ್ಸ್‌ಗಳಿಗಿಂತ ಹೆಚ್ಚು ಪಾಠ ಹೇಳುವುದು ಕಂಪ್ಯೂಟರ್ ಕಂಪನಿ ಐಬಿಎಂನ ದತ್ತಸಂಚಯ (ಡೇಟಾಬೇಸ್) ತಂತ್ರಾಂಶದ ಪ್ರಕರಣ ಎಂದು ನನ್ನ ಅಭಿಪ್ರಾಯ. ಐಬಿಎಂನ ಸ್ಯಾನ್ ಹೋಸೆ ಪ್ರಯೋಗಾಲಯದಲ್ಲಿದ್ದ ಗಣಿತಜ್ಞ ಎಡ್ಗರ್ ಕಾಡ್ 1970ರಲ್ಲಿ ಒಂದು ಪ್ರಬಂಧ ಪ್ರಕಟಿಸಿ, ಮಾಹಿತಿಯನ್ನು ಸರಳ ಕೋಷ್ಟಕಗಳಲ್ಲಿಟ್ಟು ಅವುಗಳ ನಡುವಿನ ಸಂಬಂಧಗಳ ಮೂಲಕ ಹುಡುಕುವ ವಿಧಾನವನ್ನು ಮುಂದಿಟ್ಟರು. ಇಂದು ಬ್ಯಾಂಕಿನ ಖಾತೆಯಿಂದ ರೈಲಿನ ಟಿಕೆಟ್‌ವರೆಗೆ ಬಹುತೇಕ ವ್ಯವಹಾರಗಳ ಹಿಂದೆ ಇರುವುದು ಇದೇ ವಿಧಾನ. ಆಗ ಐಬಿಎಂ ಮಾರುತ್ತಿದ್ದದ್ದು ಐಎಂಎಸ್ ಎಂಬ ಬೇರೆ ಬಗೆಯ ತಂತ್ರಾಂಶವನ್ನು. ಅಪೋಲೋ ಚಂದ್ರಯಾನಕ್ಕಾಗಿ ಹುಟ್ಟಿದ ಅದನ್ನು ದೊಡ್ಡ ದೊಡ್ಡ ಗ್ರಾಹಕರು ಕೊಂಡು, ಅದರ ಸುತ್ತ ತಮ್ಮ ವ್ಯವಹಾರ ಕಟ್ಟಿಕೊಂಡಿದ್ದರು. ಹೊಸ ವಿಧಾನ ಹಳೆಯದನ್ನು ಅನವಶ್ಯಕಗೊಳಿಸುತ್ತದೆ ಎಂಬುದು ಒಳಗಿದ್ದವರಿಗೆ ಗೊತ್ತಿತ್ತು. ಪ್ರಯೋಗಾಲಯದವರು ಎಪ್ಪತ್ತರ ದಶಕದಲ್ಲಿ ಅದನ್ನು ನಿಜವಾಗಿ ನಡೆಸಿ ತೋರಿಸಿದರು. ಪ್ರಶ್ನೆ ಕೇಳಲು ಎಸ್‌ಕ್ಯೂಎಲ್ ಭಾಷೆಯನ್ನೂ ರೂಪಿಸಿದರು. ವಿಜ್ಞಾನಿಗಳ ರೂಢಿಯಂತೆ ಎಲ್ಲವನ್ನೂ ಪ್ರಕಟಿಸಿದರು. ಆ ಪ್ರಬಂಧಗಳನ್ನು ಓದಿಕೊಂಡ, ಮುಂದೆ ಒರಾಕಲ್ ಎಂದು ಹೆಸರಾದ ಪುಟ್ಟ ಕಂಪನಿಯೊಂದು 1979ರಲ್ಲೇ ತನ್ನ ಸರಕನ್ನು ಮಾರಾಟಕ್ಕಿಟ್ಟಿತು. ಐಬಿಎಂನ ಮೊದಲ ಉತ್ಪನ್ನ ಬಂದದ್ದು 1981ರಲ್ಲಿ, ಅದರ ದೊಡ್ಡ ಯಂತ್ರಗಳಿಗೆ ಮುಖ್ಯವಾದ ಡಿಬಿ2 ಬಂದದ್ದು 1983ರಲ್ಲಿ. ಬುದ್ಧಿ, ಹಣ, ಗ್ರಾಹಕರು, ಮಾರಾಟಗಾರರ ಪಡೆ, ಹೀಗೆ ಎಲ್ಲವೂ ಒಂದೇ ಸೂರಿನಡಿ ಇದ್ದೂ ದಶಕಕ್ಕಿಂತ ಹೆಚ್ಚು ಕಾಲ ಕಳೆದುಹೋಯಿತು.

ಇದಕ್ಕೆ ಅರ್ಥಶಾಸ್ತ್ರದಲ್ಲಿ ಸರಳವಾದ ವಿವರಣೆಯಿದೆ. ಕೆನೆತ್ ಆರೋ 1962ರಲ್ಲಿ ಮಂಡಿಸಿದ ತರ್ಕದ ಪ್ರಕಾರ, ಏಕಸ್ವಾಮ್ಯದ ಕಂಪನಿ ಹೊಸ ಸರಕು ತಂದಾಗ ಅದರ ಲಾಭದ ಒಂದು ಪಾಲು ತನ್ನದೇ ಹಳೆಯ ಲಾಭದ ಜಾಗವನ್ನು ತುಂಬುವುದಕ್ಕೆ ಹೋಗುತ್ತದೆ. ಹೊಸಬನಿಗಾದರೋ ಬಂದದ್ದೆಲ್ಲ ಹೊಸ ಗಳಿಕೆ. ಇದಕ್ಕೆ ಇಪ್ಪತ್ತು ವರ್ಷ ಮೊದಲೇ ಜೋಸೆಫ್ ಶುಂಪೀಟರ್, ದೊಡ್ಡ ಪ್ರಮಾಣದ ಸಂಶೋಧನೆಯ ವೆಚ್ಚವನ್ನೂ ಅಪಾಯವನ್ನೂ ಹೊರಬಲ್ಲದ್ದು ದೊಡ್ಡ ಕಂಪನಿಯೇ ಎಂದು ವಾದಿಸಿದ್ದರು. ಇಬ್ಬರನ್ನೂ ಎದುರಾಳಿಗಳಂತೆ ನಿಲ್ಲಿಸುವುದು ಪಠ್ಯಪುಸ್ತಕಗಳ ಅಭ್ಯಾಸ. ನನಗೆ ಕಾಣುವಂತೆ ಶುಂಪೀಟರ್ ಶಕ್ತಿಯ ಮಾತಾಡುತ್ತಿದ್ದಾರೆ, ಆರೋ ಮನಸ್ಸಿನ ಮಾತಾಡುತ್ತಿದ್ದಾರೆ. ಶುಂಪೀಟರ್ ಕೂಡ, ಎದುರಾಳಿ ಇನ್ನೂ ಬಾರದಿದ್ದರೂ ಬರಬಹುದೆಂಬ ಭಯವೇ ಕಂಪನಿಯನ್ನು ಶಿಸ್ತಿನಲ್ಲಿಡುತ್ತದೆ ಎಂದು ಹೇಳಿದ್ದರೆಂಬುದನ್ನು ಅವರ ಹೆಸರು ಹೇಳಿ ದೈತ್ಯರ ಪರ ವಕಾಲತ್ತು ವಹಿಸುವವರು ಮರೆಯಬಾರದು.

ಒಂದೇ ಕಂಪನಿ, ಅದೇ ಹಣ, ಹೆಚ್ಚುಕಡಿಮೆ ಅದೇ ಜನ ಇರುವಾಗ ಪೈಪೋಟಿಯನ್ನು ಕೂಡಿಸಿ ಕಳೆದು ನೋಡಿದಂಥ ಪ್ರಯೋಗವೊಂದು ನಮ್ಮ ಕಣ್ಣೆದುರೇ ನಡೆದಿದೆ. ಅಂತರಜಾಲದ ಮಹತ್ವವನ್ನು ತಡವಾಗಿ ಗುರುತಿಸಿದ ಮೈಕ್ರೋಸಾಫ್ಟ್‌ನ ಮುಖ್ಯಸ್ಥ ಬಿಲ್ ಗೇಟ್ಸ್ 1995ರ ಮೇ ತಿಂಗಳಲ್ಲಿ ತಮ್ಮ ಹಿರಿಯ ಸಹೋದ್ಯೋಗಿಗಳಿಗೆ ಸುದೀರ್ಘ ಟಿಪ್ಪಣಿ ಕಳುಹಿಸಿದರು. ನೆಟ್‌ಸ್ಕೇಪ್ ಆಗ ಬ್ರೌಸರ್ ಮಾರುಕಟ್ಟೆಯ ಒಡೆಯ. ಅದೇ ಆಗಸ್ಟ್‌ನಲ್ಲಿ ಮೈಕ್ರೋಸಾಫ್ಟ್‌ನ ಇಂಟರ್ನೆಟ್ ಎಕ್ಸ್‌ಪ್ಲೋರರ್ ಹೊರಬಂತು. ಅಲ್ಲಿಂದ 2001ರ ಆಗಸ್ಟ್‌ವರೆಗಿನ ಆರು ವರ್ಷಗಳಲ್ಲಿ ಆರು ಪ್ರಮುಖ ಆವೃತ್ತಿಗಳು ಬಂದವು. ವಿಂಡೋಸ್ ಜೊತೆ ಬ್ರೌಸರ್ ಕಟ್ಟಿಕೊಟ್ಟದ್ದು ಕಾನೂನುಬಾಹಿರವೇ ಎಂಬ ಮೊಕದ್ದಮೆ 1998ರಲ್ಲಿ ಶುರುವಾಯಿತೇನೋ ನಿಜ. ಆದರೆ ಆ ವರ್ಷಗಳಲ್ಲಿ ಮೈಕ್ರೋಸಾಫ್ಟ್ ಒಳ್ಳೆಯ ಬ್ರೌಸರ್ ಮಾಡುತ್ತಿತ್ತು ಎಂಬುದೂ ಅಷ್ಟೇ ನಿಜ. ಪುಟವನ್ನು ಮತ್ತೆ ತೆರೆಯದೆಯೇ ಹಿನ್ನೆಲೆಯಲ್ಲಿ ಮಾಹಿತಿ ತರಿಸಿಕೊಳ್ಳುವ ಸೌಲಭ್ಯವನ್ನು 1999ರ ಐದನೇ ಆವೃತ್ತಿಯಲ್ಲಿ ಮೊದಲು ಕೊಟ್ಟದ್ದು ಮೈಕ್ರೋಸಾಫ್ಟೇ.

ಆಮೇಲೆ ನೆಟ್‌ಸ್ಕೇಪ್ ಸೋತಿತು. ಬಹುತೇಕ ಇಡೀ ಮಾರುಕಟ್ಟೆ ಇಂಟರ್ನೆಟ್ ಎಕ್ಸ್‌ಪ್ಲೋರರ್ ಕೈಗೆ ಬಂತು. ಮುಂದಿನ ಪ್ರಮುಖ ಆವೃತ್ತಿ ಬಂದದ್ದು 2006ರ ಅಕ್ಟೋಬರಿನಲ್ಲಿ, ಅಂದರೆ ಐದು ವರ್ಷಗಳ ನಂತರ. ಈ ನಡುವೆ ಬ್ರೌಸರನ್ನು ಪ್ರತ್ಯೇಕವಾಗಿ ಹೊರತರುವುದನ್ನೇ ನಿಲ್ಲಿಸುವುದಾಗಿ ಕಂಪನಿ 2003ರಲ್ಲಿ ಹೇಳಿತ್ತು. ಭದ್ರತೆಯ ಬಿರುಕುಗಳ ಬಗ್ಗೆ ದೂರುಗಳು ರಾಶಿ ಬಿದ್ದವು. 2004ರ ನವೆಂಬರಿನಲ್ಲಿ ಫೈರ್‌ಫಾಕ್ಸ್ ಎಂಬ ಪ್ರತಿಸ್ಪರ್ಧಿ ಬ್ರೌಸರ್‌ನ ಮೊದಲ ಪೂರ್ಣ ಆವೃತ್ತಿ ಬಂತು. 2005ರ ಫೆಬ್ರುವರಿಯಲ್ಲಿ ಗೇಟ್ಸ್ ವೇದಿಕೆಯೇರಿ ಹೊಸ ಎಕ್ಸ್‌ಪ್ಲೋರರ್ ಬರಲಿದೆ ಎಂದು ಪ್ರಕಟಿಸಿದರು. ಫೈರ್‌ಫಾಕ್ಸ್ ರೂಪಿಸಿದ ಲಾಭರಹಿತ ಸಂಸ್ಥೆ ಮೂರು ತಿಂಗಳಲ್ಲಿ ತಂದ ಬದಲಾವಣೆಯನ್ನು ಮೈಕ್ರೋಸಾಫ್ಟ್‌ನ ಸಂಶೋಧನಾ ಬಜೆಟ್ ಮೂರು ವರ್ಷಗಳಲ್ಲಿ ತಂದಿರಲಿಲ್ಲ. ಇನ್ನು ಆ ಹಿನ್ನೆಲೆ ಮಾಹಿತಿ ತರಿಸುವ ಸೌಲಭ್ಯ: ಅದರ ಪೂರ್ಣ ಸಾಮರ್ಥ್ಯವನ್ನು ಲೋಕಕ್ಕೆ ತೋರಿಸಿದ್ದು 2004ರ ಜಿಮೇಲ್ ಮತ್ತು 2005ರ ಗೂಗಲ್ ಮ್ಯಾಪ್ಸ್. ಬ್ರೌಸರ್ ಒಳಗೇ ಎಲ್ಲ ಕೆಲಸ ಆಗುವುದಾದರೆ ವಿಂಡೋಸ್ ಯಾಕೆ ಬೇಕು ಎಂಬ ಪ್ರಶ್ನೆ ಏಳುತ್ತದೆ. ಆ ಪ್ರಶ್ನೆಯನ್ನು ಎಬ್ಬಿಸಲು ವಿಂಡೋಸ್ ಮಾರುವವರಿಗೆ ಆತುರವಿರಲಿಲ್ಲ ಎಂಬುದರಲ್ಲಿ ಆಶ್ಚರ್ಯವೇನಿಲ್ಲ.

ಇದಕ್ಕೆ ಬರುವ ಸಮರ್ಥ ಆಕ್ಷೇಪವನ್ನೂ ನೋಡಬೇಕು. ತನ್ನ ಸರಕನ್ನು ತಾನೇ ಕೊಂದ ಪ್ರಬಲ ಕಂಪನಿಗಳೂ ಇವೆಯಲ್ಲ ಎಂದು ಕೇಳಬಹುದು. ಆ್ಯಪಲ್ 2005ರಲ್ಲಿ, ಭರಾಟೆಯಿಂದ ಮಾರಾಟವಾಗುತ್ತಿದ್ದ ಐಪಾಡ್ ಮಿನಿಯನ್ನು ನಿಲ್ಲಿಸಿ ನ್ಯಾನೋ ತಂದಿತು. 2007ರಲ್ಲಿ ಐಪಾಡನ್ನೇ ನುಂಗಬಲ್ಲ ಐಫೋನ್ ತಂದಿತು. ಐಬಿಎಂ 1964ರ ಏಪ್ರಿಲ್‌ನಲ್ಲಿ, ತನ್ನ ಆಗಿನ ಎಲ್ಲ ಕಂಪ್ಯೂಟರ್ ಮಾದರಿಗಳನ್ನೂ ಹಳತಾಗಿಸುವ ಸಿಸ್ಟಂ/360 ಸರಣಿಯನ್ನು ಪ್ರಕಟಿಸಿತು. ಅದಕ್ಕೆ ಹೂಡಿದ ಐದು ಶತಕೋಟಿ ಡಾಲರ್ ಆ ಕಾಲಕ್ಕೆ ಊಹೆಗೂ ನಿಲುಕದ ಮೊತ್ತ. ಈ ಉದಾಹರಣೆಗಳು ನಿಜವಾದ ಧೈರ್ಯದವು, ಅವನ್ನು ಕೀಳುಗಳೆಯುವುದು ನನ್ನ ಉದ್ದೇಶವಲ್ಲ. ಆದರೆ ಆ ಧೈರ್ಯ ಯಾವ ಗಳಿಗೆಯಲ್ಲಿ ಹುಟ್ಟಿತು ಎಂದು ವಿಚಾರಿಸಬೇಕು. 1963ರ ಡಿಸೆಂಬರಿನಲ್ಲಿ ಹನಿವೆಲ್ ಕಂಪನಿ, ಐಬಿಎಂನ ಜನಪ್ರಿಯ 1401 ಯಂತ್ರಕ್ಕೆ ಬರೆದ ಪ್ರೋಗ್ರಾಂಗಳನ್ನೇ ಓಡಿಸಬಲ್ಲ, ಅದಕ್ಕಿಂತ ವೇಗದ ಯಂತ್ರವೊಂದನ್ನು ಪ್ರಕಟಿಸಿತ್ತು. ಗ್ರಾಹಕರು ಕೈತಪ್ಪುವ ಭೀತಿಯೇ ಐಬಿಎಂ ತನ್ನ ಇಡೀ ಸರಣಿಯನ್ನು ಒಮ್ಮೆಗೇ ಘೋಷಿಸುವಂತೆ ಮಾಡಿತು. ಆ್ಯಪಲ್‌ಗೂ, ಮೊಬೈಲ್ ಫೋನುಗಳೇ ಹಾಡು ನುಡಿಸತೊಡಗಿದರೆ ಪ್ರತ್ಯೇಕ ಸಂಗೀತ ಯಂತ್ರವನ್ನು ಕೇಳುವವರಿರುವುದಿಲ್ಲ ಎಂಬುದು ಸ್ಪಷ್ಟವಾಗಿತ್ತು. ನೋಕಿಯಾದಂಥ ಕಂಪನಿಗಳು ಆ ದಾರಿಯಲ್ಲಿ ಆಗಲೇ ನಡೆದಿದ್ದವು. ಹಳೆಯ ಲಾಭ ಹೇಗೂ ಹೋಗುತ್ತದೆ ಎಂದು ಖಚಿತವಾದ ಮೇಲೆ ಆರೋ ಅವರ ಲೆಕ್ಕ ತಿರುಗುಮುರುಗಾಗುತ್ತದೆ. ಇಂಟೆಲ್ 1985ರಲ್ಲಿ ತನ್ನ ಮೂಲ ಕಸುಬಾದ ಮೆಮೊರಿ ಚಿಪ್‌ಗಳನ್ನು ಕೈಬಿಟ್ಟು ಪ್ರೊಸೆಸರ್‌ಗಳತ್ತ ಹೊರಳಿದ್ದು ಕೂಡ ಜಪಾನಿನ ತಯಾರಕರು ಆ ಮಾರುಕಟ್ಟೆಯಿಂದ ಅದನ್ನು ಹೊರದಬ್ಬಿದ ಮೇಲೆಯೇ.

ಇಂಟೆಲ್‌ನ ಹೆಸರು ಬಂದಿರುವುದರಿಂದ, ಹಣದ ಮೊತ್ತವೇ ಹೊಸತನದ ಅಳತೆ ಎನ್ನುವವರಿಗಾಗಿ ಇನ್ನೊಂದು ಮಾತು. 2007ರ ಆರಂಭದಿಂದ 2017ರವರೆಗೆ ಇಂಟೆಲ್ ಸಾಮಾನ್ಯ ಮೇಜುಗಣಕಗಳಿಗೆ ಮಾರಿದ ಅತ್ಯುತ್ತಮ ಚಿಪ್‌ಗಳಲ್ಲಿ ನಾಲ್ಕೇ ಸಂಸ್ಕರಣಾ ಘಟಕಗಳು, ಅಂದರೆ ಕೋರ್‌ಗಳು, ಇದ್ದವು. ಆ ದಶಕದ ಬಹುಭಾಗ ಅದರ ಏಕೈಕ ಗಣನೀಯ ಎದುರಾಳಿ ಎಎಂಡಿ ಸೊರಗಿ ಮಲಗಿತ್ತು. 2017ರ ಮಾರ್ಚ್‌ನಲ್ಲಿ ಎಎಂಡಿ ಎಂಟು ಕೋರ್‌ಗಳ ರೈಜೆನ್ ಚಿಪ್‌ಗಳನ್ನು ತಂದಿತು. ಅದೇ ಅಕ್ಟೋಬರಿನಲ್ಲಿ ಇಂಟೆಲ್‌ನಿಂದ ಆರು ಕೋರ್‌ಗಳ ಚಿಪ್ ಬಂತು, ಮರುವರ್ಷ ಎಂಟು ಕೋರ್‌ಗಳದ್ದು. 2017ರಲ್ಲಿ ಇಂಟೆಲ್ ಸಂಶೋಧನೆಗೆ ಖರ್ಚು ಮಾಡಿದ್ದು ಸುಮಾರು 13 ಶತಕೋಟಿ ಡಾಲರ್, ಎಎಂಡಿ ಮಾಡಿದ್ದು ಸುಮಾರು 1.2 ಶತಕೋಟಿ. ಚಿಪ್‌ಗಳನ್ನು ಇನ್ನಷ್ಟು ಕಿರಿದಾಗಿಸುವ ತಯಾರಿಕಾ ತಂತ್ರದಲ್ಲಿ ಇಂಟೆಲ್ ಎಡವಿದ್ದು ಬೇರೆಯೇ ವಿಷಯ. ಅಲ್ಲಿ ಆದದ್ದು ಅತಿಯಾದ ಮಹತ್ವಾಕಾಂಕ್ಷೆಯ ಗುರಿ ಮತ್ತು ಅದಕ್ಕೆ ಮಣಿಯದ ಭೌತವಿಜ್ಞಾನ, ಅದನ್ನು ಸೋಮಾರಿತನ ಎನ್ನುವುದು ಅನ್ಯಾಯ. ಕೋರ್‌ಗಳ ವಿಷಯದಲ್ಲಿ ಮಾತ್ರ ಅಂಥ ನೆಪ ಸಿಗುವುದು ಕಷ್ಟ. ಆರು ಮತ್ತು ಎಂಟು ಕೋರ್‌ಗಳ ಚಿಪ್‌ಗಳನ್ನು ಅದು ಹೆಚ್ಚು ಬೆಲೆಗೆ ಬೇರೆ ವರ್ಗದ ಗ್ರಾಹಕರಿಗೆ ಆಗಲೇ ಮಾರುತ್ತಿತ್ತು.

ಈಗ ಎಲ್ಲರೂ ಗಮನಿಸುತ್ತಿರುವ ಗೂಗಲ್‌ಗೆ ಬರೋಣ. ಇಂದಿನ ಕೃತಕ ಬುದ್ಧಿಮತ್ತೆಯ ಬಹುತೇಕ ಭಾಷಾ ಮಾದರಿಗಳಿಗೆ ತಳಹದಿಯಾದ ಟ್ರಾನ್ಸ್‌ಫಾರ್ಮರ್ ರಚನೆಯನ್ನು ಗೂಗಲ್‌ನ ಸಂಶೋಧಕರೇ 2017ರಲ್ಲಿ ಪ್ರಕಟಿಸಿದರು. ಮಾತುಕತೆ ನಡೆಸಬಲ್ಲ ಲ್ಯಾಮ್ಡಾ ಮಾದರಿಯನ್ನು ಕಂಪನಿ 2021ರಲ್ಲಿ ತೋರಿಸಿಯೂ ಇತ್ತು, ಆದರೆ ಸಾರ್ವಜನಿಕರ ಕೈಗೆ ಕೊಡಲಿಲ್ಲ. ತಪ್ಪು ಉತ್ತರಗಳ ಅಪಾಯ ಅದಕ್ಕೊಂದು ಕಾರಣ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಇನ್ನೊಂದನ್ನು ಊಹಿಸುವುದು ಕಷ್ಟವಲ್ಲ: ಹುಡುಕಿದವನಿಗೆ ಕೊಂಡಿಗಳ ಪಟ್ಟಿ ಕೊಟ್ಟರೆ ನಡುವೆ ಜಾಹೀರಾತಿಗೆ ಜಾಗವಿರುತ್ತದೆ, ನೇರ ಉತ್ತರ ಕೊಟ್ಟರೆ ಆ ಜಾಗ ಕಿರಿದಾಗುತ್ತದೆ. 2022ರ ನವೆಂಬರ್ 30ರಂದು ಓಪನ್‌ಎಐ ಕಂಪನಿ ಚಾಟ್‌ಜಿಪಿಟಿಯನ್ನು ಬಿಡುಗಡೆ ಮಾಡಿತು. ಆನಂತರದ ಹದಿಮೂರು ತಿಂಗಳೊಳಗೆ ಗೂಗಲ್ ಮಾತುಕತೆಯ ತನ್ನದೇ ಸೇವೆಯಾದ ಬಾರ್ಡ್ ತಂದಿತು, ವರ್ಷಗಳಿಂದ ಬೇರೆಬೇರೆಯಾಗಿದ್ದ ತನ್ನ ಎರಡು ದೊಡ್ಡ ಸಂಶೋಧನಾ ತಂಡಗಳನ್ನು ಒಂದುಗೂಡಿಸಿತು, ಜೆಮಿನಿ ಮಾದರಿಯನ್ನು ಪ್ರಕಟಿಸಿತು. ದೈತ್ಯ ಕಂಪನಿ ಹೊಸತನ ತೋರಬಲ್ಲದೇ ಎಂದು ಕೇಳುವವರಿಗೆ ಈ ಹದಿಮೂರು ತಿಂಗಳೇ ಉತ್ತರ. ಅದಕ್ಕೆ ಹಿಂದಿನ ಐದು ವರ್ಷಗಳೂ ಅದೇ ಪ್ರಶ್ನೆಗೆ ಉತ್ತರವೇ.

ಆದರೆ ಪ್ರತಿಸ್ಪರ್ಧಿಯನ್ನು ಎದುರಿಸಲು ಒಳ್ಳೆಯ ಸರಕು ಮಾಡುವುದೊಂದೇ ದಾರಿಯಲ್ಲ, ಮತ್ತು ನನ್ನ ನಿಜವಾದ ಆತಂಕ ಇರುವುದು ಇಲ್ಲಿ. ತನ್ನ ಹುಡುಕಾಟ ಸೇವೆಯೇ ಫೋನುಗಳಲ್ಲಿ ಮತ್ತು ಬ್ರೌಸರ್‌ಗಳಲ್ಲಿ ಮೊದಲೇ ಅಳವಟ್ಟು ಬರುವಂತೆ ಮಾಡಲು ಗೂಗಲ್ 2021ರಲ್ಲಿ 26 ಶತಕೋಟಿ ಡಾಲರ್‌ಗಿಂತ ಹೆಚ್ಚು ಹಣ ಪಾವತಿಸಿತ್ತು ಎಂಬುದು ಅಮೆರಿಕದ ನ್ಯಾಯಾಲಯದಲ್ಲಿ ಬಯಲಾಯಿತು. ನ್ಯಾಯಾಧೀಶ ಅಮಿತ್ ಮೆಹ್ತಾ 2024ರ ಆಗಸ್ಟ್‌ನಲ್ಲಿ ಇದನ್ನು ಅಕ್ರಮವಾಗಿ ಏಕಸ್ವಾಮ್ಯ ಉಳಿಸಿಕೊಂಡ ನಡೆ ಎಂದು ತೀರ್ಪಿತ್ತರು. ಎದುರಾಳಿ ಗ್ರಾಹಕನ ಕಣ್ಣಿಗೇ ಬೀಳದಿದ್ದರೆ ಅವನ ಸರಕು ಎಷ್ಟೇ ಚೆನ್ನಾಗಿದ್ದರೂ ದೈತ್ಯನಿಗೆ ಅದರ ಬಿಸಿ ತಟ್ಟುವುದಿಲ್ಲ. ಬೆನ್ನಟ್ಟಿ ಬರುವವನನ್ನು ಕೊಂಡುಕೊಳ್ಳುವುದು ಇನ್ನೊಂದು ದಾರಿ. ಫೇಸ್‌ಬುಕ್ 2012ರಲ್ಲಿ, ಕೇವಲ 13 ಉದ್ಯೋಗಿಗಳಿದ್ದ ಇನ್‌ಸ್ಟಾಗ್ರಾಂಗೆ ಒಂದು ಶತಕೋಟಿ ಡಾಲರ್ ಬೆಲೆ ಕಟ್ಟಿದಾಗ ಅದು ಹೆಚ್ಚಾಯಿತೆಂದು ನಕ್ಕವರಿದ್ದರು. ಆ ಖರೀದಿಯ ಬಗ್ಗೆ ಅಮೆರಿಕ ಸರ್ಕಾರ ಹೂಡಿದ ಮೊಕದ್ದಮೆ 2025ರಲ್ಲಿ ಬಿದ್ದುಹೋಯಿತು; ಟಿಕ್‌ಟಾಕ್‌ನಂಥ ಪ್ರತಿಸ್ಪರ್ಧಿಗಳಿರುವಾಗ ಇದು ಏಕಸ್ವಾಮ್ಯವೆನ್ನಲಾಗದು ಎಂದು ನ್ಯಾಯಾಲಯ ಹೇಳಿತು. ಇರಬಹುದು. ಆದರೆ ಸ್ವತಂತ್ರವಾಗಿ ಉಳಿದಿದ್ದರೆ ಇನ್‌ಸ್ಟಾಗ್ರಾಂ ಫೇಸ್‌ಬುಕ್‌ನಿಂದ ಏನೇನು ಹೊಸತನವನ್ನು ಹೊರಡಿಸುತ್ತಿತ್ತೋ ಅದನ್ನು ಯಾವ ನ್ಯಾಯಾಲಯವೂ ಅಳೆಯಲಾರದು.

ಹಾಗಾದರೆ ಕಂಪನಿಗಳನ್ನು ಒಡೆಯಬೇಕೇ? ಒಡೆಯುವುದೊಂದೇ ಮದ್ದು ಎಂಬ ಮಾತನ್ನು ನಾನು ಒಪ್ಪಲಾರೆ. ಅಮೆರಿಕದ ಟೆಲಿಫೋನ್ ಏಕಸ್ವಾಮ್ಯ ಎಟಿ&ಟಿಯ ಇತಿಹಾಸ ಇಲ್ಲಿ ಉಪಯುಕ್ತ. ಅದರ ಬೆಲ್ ಪ್ರಯೋಗಾಲಯದಲ್ಲಿ 1947ರಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. 1956ರಲ್ಲಿ ಸರ್ಕಾರದೊಂದಿಗೆ ಮಾಡಿಕೊಂಡ ರಾಜಿಯ ಪ್ರಕಾರ ಕಂಪನಿ ಒಡೆಯಲಿಲ್ಲ. ಬದಲಾಗಿ ತನ್ನ ಅದುವರೆಗಿನ ಸಾವಿರಾರು ಪೇಟೆಂಟ್‌ಗಳನ್ನು ರಾಯಧನವಿಲ್ಲದೆ ಇತರರಿಗೆ ತೆರೆದಿಡಬೇಕಾಯಿತು, ದೂರಸಂಪರ್ಕದ ಹೊರಗಿನ ವ್ಯಾಪಾರದಿಂದ ದೂರವಿರಬೇಕಾಯಿತು. ಇದರಿಂದ ಬೆಲ್ ಪ್ರಯೋಗಾಲಯ ಬಡವಾಯಿತೇ? 1969ರಲ್ಲಿ ಕಂಪ್ಯೂಟರ್ ಕಾರ್ಯಾಚರಣಾ ವ್ಯವಸ್ಥೆಯಾದ ಯೂನಿಕ್ಸ್ ಹುಟ್ಟಿದ್ದು ಅಲ್ಲೇ, ಬೆಳಕನ್ನು ವಿದ್ಯುತ್ ಸಂಕೇತವಾಗಿಸುವ ಸಿಸಿಡಿ ಹುಟ್ಟಿದ್ದೂ ಅದೇ ವರ್ಷ ಅಲ್ಲೇ. ಸ್ಯಾಸನ್ ಅವರ ಕ್ಯಾಮೆರಾದೊಳಗಿದ್ದ ಸಂವೇದಕ ಆ ಸಿಸಿಡಿ ತಂತ್ರದ್ದೇ, ತಯಾರಿಸಿದ್ದು ಮಾತ್ರ ಫೇರ್‌ಚೈಲ್ಡ್ ಎಂಬ ಬೇರೊಂದು ಕಂಪನಿ. ಆದರೆ ಟೆಲಿಫೋನಿನ ಒಳಗಡೆ, ಅಂದರೆ ಎಟಿ&ಟಿಗೆ ಯಾರ ಭಯವೂ ಇಲ್ಲದಿದ್ದ ಕಡೆ, ಗ್ರಾಹಕ ತನ್ನ ತಂತಿಗೆ ಹೊರಗಿನ ಉಪಕರಣವನ್ನು ಜೋಡಿಸುವಂತೆಯೇ ಇರಲಿಲ್ಲ. 1968ರಲ್ಲಿ ಅಲ್ಲಿನ ಸಂಪರ್ಕ ಆಯೋಗ, ಜಾಲಕ್ಕೆ ಹಾನಿ ಮಾಡದ ಯಾವ ಉಪಕರಣವನ್ನಾದರೂ ಜೋಡಿಸಬಹುದೆಂದು ಕಾರ್ಟರ್‌ಫೋನ್ ಪ್ರಕರಣದಲ್ಲಿ ತೀರ್ಮಾನಿಸಿದ ಮೇಲೆ, ಸಂದೇಶ ದಾಖಲಿಸುವ ಯಂತ್ರಗಳು, ಫ್ಯಾಕ್ಸ್, ಮೋಡೆಮ್‌ಗಳು ಬೇರೆ ಬೇರೆ ತಯಾರಕರಿಂದ ಮನೆಗಳಿಗೂ ಕಚೇರಿಗಳಿಗೂ ಬರಲು ದಾರಿಯಾಯಿತು. ಕಂಪನಿಯನ್ನು ಭಾಗ ಮಾಡಿದ್ದು ಅದಾಗಿ ಹದಿನಾರು ವರ್ಷಗಳ ನಂತರ, 1984ರಲ್ಲಿ.

2025ರ ಸೆಪ್ಟೆಂಬರಿನ ಪರಿಹಾರ ಆದೇಶದಲ್ಲಿ ನ್ಯಾಯಾಧೀಶ ಮೆಹ್ತಾ ಕ್ರೋಮ್ ಬ್ರೌಸರನ್ನು ಮಾರುವಂತೆ ಗೂಗಲ್‌ಗೆ ಹೇಳದೆ, ತನ್ನ ಸೇವೆಗೇ ಮೀಸಲಾದ ಒಪ್ಪಂದಗಳನ್ನು ನಿಷೇಧಿಸಿ, ಹುಡುಕಾಟದ ಕೆಲವು ದತ್ತಾಂಶಗಳನ್ನು ಅರ್ಹ ಪ್ರತಿಸ್ಪರ್ಧಿಗಳೊಂದಿಗೆ ಹಂಚಿಕೊಳ್ಳುವಂತೆ ಹೇಳಿದ್ದು ಹಲವರಿಗೆ ಅತಿ ಮೃದುವೆನ್ನಿಸಿತು. ಅದರ ದಿಕ್ಕು ಸರಿಯಿದೆ, ನಡೆದ ದೂರ ಸಾಲದು ಎಂಬುದು ನನ್ನ ನಿಲುವು. ಮೊದಲ ಸ್ಥಾನಕ್ಕಾಗಿ ಹಣ ಕೊಡುವುದನ್ನೇ ಅದು ನಿಲ್ಲಿಸಲಿಲ್ಲ. ಕೃತಕ ಬುದ್ಧಿಮತ್ತೆಯ ಕ್ಷೇತ್ರದಲ್ಲಿ ಇಂದು ಪೈಪೋಟಿ ಜೋರಾಗಿದೆ, ಪ್ರತಿ ತಿಂಗಳೂ ಹೊಸ ಮಾದರಿಗಳು ಬರುತ್ತಿವೆ ಎಂದು ಸಮಾಧಾನ ಪಡುವವರು, ಬ್ರೌಸರ್‌ಗಳ ಪೈಪೋಟಿಯೂ 1997ರಲ್ಲಿ ಹೀಗೆಯೇ ಇತ್ತು ಎಂಬುದನ್ನು ನೆನಪಿಡಬೇಕು. ಈ ಹೊಸ ಕಂಪನಿಗಳು ಮಾದರಿಗಳನ್ನು ನಡೆಸುವ ಕಂಪ್ಯೂಟರ್ ಯಂತ್ರಗಳಿಗಾಗಿ ಬಹುಮಟ್ಟಿಗೆ ಆಶ್ರಯಿಸಿರುವುದು, ಹೂಡಿಕೆ ಪಡೆದಿರುವುದು ಹಳೆಯ ದೈತ್ಯರಿಂದಲೇ: ಓಪನ್‌ಎಐ ಹಿಂದೆ ಮೈಕ್ರೋಸಾಫ್ಟ್ ಇದೆ, ಆಂಥ್ರೋಪಿಕ್‌ನಲ್ಲಿ ಅಮೆಜಾನ್ ಮತ್ತು ಗೂಗಲ್ ಎರಡರ ಹಣವೂ ಇದೆ. ನಿಯಂತ್ರಕರು ಇಂಥ ಹೂಡಿಕೆಗಳನ್ನು ಪೂರ್ಣ ಖರೀದಿಯಷ್ಟೇ ಗಂಭೀರವಾಗಿ ಪರಿಶೀಲಿಸಬೇಕು, ಮತ್ತು ಆ ಪರಿಶೀಲನೆ ಹೂಡಿಕೆದಾರನ ಪಾಲು ಶೇಕಡಾ ಎಷ್ಟು ಎಂಬಲ್ಲಿಗೇ ನಿಲ್ಲದೆ, ಪಾಲು ಪಡೆದ ಕಂಪನಿ ನಾಳೆ ಹೂಡಿಕೆದಾರನ ಮುಖ್ಯ ಆದಾಯಕ್ಕೇ ಕೈಹಾಕುವ ಸರಕನ್ನು ತಂದಾಗ ಅದಕ್ಕೆ ಬೇರೆಡೆ ಯಂತ್ರಗಳು ಸಿಗುತ್ತವೆಯೇ, ಸಿಗದಂತೆ ತಡೆಯುವ ಕರಾರೇನಾದರೂ ಇದೆಯೇ ಎಂಬಲ್ಲಿಗೂ ಹೋಗಬೇಕು.

ಇಂತಿ,
ತಮ್ಮ ಓದುಗ